ಭಾನುವಾರದ ಬಾನೆಟ್ ವೈದ್ಯರು

ನಮ್ಮ ಕಾರಿಗೆ ಕೆಮ್ಮು ಹತ್ತಿತು. ದಿಬ್ಬ ಹತ್ತುವಾಗ ಏದುಸಿರು, ಇಳಿಯುವಾಗ ಬಿಕ್ಕಳಿಕೆ. ಗ್ಯಾರೇಜಿನವನು ಬಾನೆಟ್ ಎತ್ತಿ ಇಣುಕಿದ. ಹತ್ತಿರದವರು ಯಾರೋ ತೀರಿಕೊಂಡಂತೆ ಮುಖ ಮಾಡಿಕೊಂಡು, ಬದಲಾಯಿಸಬೇಕಾದ ಭಾಗಗಳ ಹೆಸರು ಹೇಳುತ್ತಾ ಹೋದ. ಅವನು ಮುಗಿಸುವಷ್ಟರಲ್ಲಿ ಹಳೆಯ ಕಾರಿನಲ್ಲಿ ಉಳಿದದ್ದು ಹಾರ್ನ್ ಮತ್ತು ನಾವು ಮಾತ್ರ. ಖರ್ಚೆಷ್ಟಾಗುತ್ತದೆಂದು ಕೇಳಿದ ನನ್ನ ಪತಿದೇವರು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕುಸಿದು ಕೂತರು. (ಟೈರಿಗೆ ಗ್ರೀಸ್ ಮೆತ್ತಿತ್ತು. ಪ್ಯಾಂಟು ಉಜ್ಜಿದವಳು ನಾನು.)

ಆ ಉಜ್ಜುವ ಸಿಟ್ಟಿನಲ್ಲೇ ನನಗೊಂದು ದಿವ್ಯ ಆಲೋಚನೆ ಹೊಳೆಯಿತು.

"ರೀ, ನೀವೇ ಒಂದ್ಸಲ ನೋಡಬಾರದಾ? ನಿಮ್ಮ ಸ್ನೇಹಿತರನ್ನೂ ಕರೀರಿ. ಇಷ್ಟೆಲ್ಲ ಓದಿದೀರ, ಒಂದು ಕೆಮ್ಮು ಎಲ್ಲಿಂದ ಬರ್ತಿದೆ ಅಂತ ಹುಡುಕಕ್ಕಾಗಲ್ವಾ?"

ಮದುವೆಯಾದಾಗಿನಿಂದ ಅವರು ನನ್ನ ಮಾತನ್ನು ಎದುರಾಡದೆ ಕೇಳಿದ್ದು ಅದೇ ಮೊದಲ ಸಲ.

ಭಾನುವಾರ ಇಬ್ಬರು ಸ್ನೇಹಿತರು ಬಂದರು. ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬರು ಸಂಗೀತದ ಮೇಷ್ಟ್ರು. ನನ್ನವರಿಗೆ ವಿಮಾ ಕಚೇರಿಯಲ್ಲಿ ಕೆಲಸ, ಅಂದರೆ ಅನಾಹುತ ಆದಮೇಲೆ ಬರುವವರು. ಈ ತ್ರಿಮೂರ್ತಿಗಳು ಅಂಗಳದಲ್ಲಿ ಕಾರನ್ನು ಸುತ್ತುವರಿದರು. ನಾನು ಟೀ ಇಟ್ಟೆ. ನನ್ನ ಅತ್ತೆ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

ಮೇಷ್ಟ್ರು ಕಣ್ಣು ಮುಚ್ಚಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, "ಉಸಿರು ಸಾಲ್ತಿಲ್ಲ ಇದಕ್ಕೆ. ಗಾಳಿ ಎಲ್ಲಿಂದ ಎಳ್ಕೊಳತ್ತೋ ಅಲ್ಲಿ ನೋಡಿ," ಎಂದರು. ಡಾಕ್ಟರು ಹಣೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಪುಟ್ಟ ಕನ್ನಡಿ ಹಿಡಿದು, ಅಭ್ಯಾಸಬಲದಿಂದ ಬಾನೆಟ್ಟಿಗೆ "ಇನ್ನೂ ಸ್ವಲ್ಪ ಅಗಲ ತೆಗೀರಿ" ಎಂದರು. ಗಾಳಿ ಸೋಸುವ ಡಬ್ಬಿ ಬಿಚ್ಚಿದರೆ, ಒಳಗೊಂದು ಇಲಿಯ ಗೂಡು! ಸುಖವಾದ, ಬೆಚ್ಚನೆಯ, ನೀಲಿ ಉಣ್ಣೆಯ ಗೂಡು.

"ಅಯ್ಯೋ, ನನ್ನ ಕಾಲುಚೀಲ!" ಎಂದು ಅತ್ತೆ ಎದ್ದು ನಿಂತರು. ಅದನ್ನು ಕಳೆದವಳು ಸೊಸೆಯೇ ಎಂದು ಎಷ್ಟೋ ತಿಂಗಳಿಂದ ಊರೆಲ್ಲ ಹೇಳಿಕೊಂಡು ಬಂದಿದ್ದರು. (ಇಲಿಯ ಬಳಿ ಯಾರೂ ಕ್ಷಮೆ ಕೇಳಬೇಕಾಗಿಲ್ಲ, ನಿಜ. ನನ್ನ ಬಳಿಯೂ ಯಾರೂ ಕೇಳಲಿಲ್ಲ.)

ಗೂಡು ತೆಗೆದರು. ಡಾಕ್ಟರು ಸ್ಪಾರ್ಕ್ ಪ್ಲಗ್ಗುಗಳನ್ನು ದವಡೆ ಹಲ್ಲಿನಂತೆ ಒಂದೊಂದಾಗಿ ಉಜ್ಜಿ ಬೆಳಗಿದರು. ಕೀ ತಿರುಗಿಸಿದರೆ ಕಾರು ನಿದ್ದೆ ಮುಗಿಸಿ ಎದ್ದ ಮಗುವಿನಂತೆ ನಕ್ಕಿತು.

ಅದು ಅವತ್ತೇ ಪೂರ್ತಿ ಕೆಟ್ಟು ಕೂತಿದ್ದರೆ ನಾನು ಬಚಾವಾಗುತ್ತಿದ್ದೆ. ಸರಿಹೋಯಿತು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಸುದ್ದಿ ಹರಡಿತು. ಮುಂದಿನ ಭಾನುವಾರ ಡಾಕ್ಟರ ಭಾವಮೈದುನನ ಕಾರು ಬಂತು. ಅದರ ಮುಂದಿನ ವಾರ ಕಚೇರಿಯವರ ಕಾರುಗಳು. ಎಲ್ಲ ಗ್ಯಾರೇಜುಗಳಿಂದ ನೊಂದು ಬಂದ ಜೀವಗಳು. ಬಂದವರಿಗೆಲ್ಲ ರೋಗಪರೀಕ್ಷೆ ಉಚಿತ, ಟೀ ಕೂಡ ಉಚಿತ. ನನ್ನ ಒಳ್ಳೆಯ ಟವೆಲ್ಲುಗಳೆಲ್ಲ ಕಪ್ಪಾದವು. ಹಾಲು ಕಾಯಿಸುವ ಪಾತ್ರೆಯಲ್ಲಿ ಯಾವುದೋ ಕಾರಿನ ಅಂಗಾಂಗ ಸೀಮೆಎಣ್ಣೆಯಲ್ಲಿ ನೆನೆಯುತ್ತಿತ್ತು. ನನ್ನವರಿಗೆ ಕಾರು ಸಾಲದೆ ಮಿಕ್ಸಿ, ಫ್ಯಾನುಗಳ ಸದ್ದಿಗೂ ಕಿವಿಗೊಡುವ ಚಟ ಹತ್ತಿತು. ನಾನು ನೆಲ ಒರೆಸಿ ಏಳುವಾಗ ಮಂಡಿ ಕಟಕ್ ಎಂದರೆ, "ಬೇರಿಂಗ್ ಸವೆದಿದೆ ಕಣೇ" ಎಂದರು. ಇನ್ನೊಂದು ಪಾತ್ರೆಯಲ್ಲಿ ಹಾಲಿಟ್ಟೆ.

ಹೀಗಿರುವಾಗ ಒಂದು ಬುಧವಾರ ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಪೊರೆ ತೆಗೆಸುವ ದಿನ. ತಡವಾದರೆ ಸರದಿ ತಪ್ಪಿ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ನಾನೇ ಕಾರು ಓಡಿಸಿದೆ. ದೊಡ್ಡ ವೃತ್ತದ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದ ಗಡಿಬಿಡಿಗೆ ಕ್ಲಚ್ ಬೇಗ ಬಿಟ್ಟೆ, ಕಾರು ನಿಂತಿತು. ಕೀ ತಿರುಗಿಸಿದೆ. ಕಮಕ್ ಕಿಮಕ್ ಇಲ್ಲ, ಮೀಟರಿನ ದೀಪವೂ ಹತ್ತಲಿಲ್ಲ. ಹಿಂದಿನಿಂದ ಹಾರ್ನುಗಳ ಸುರಿಮಳೆ. ಗಂಡನಿಗೆ ಫೋನು ಮಾಡಿದೆ.

"ಶಬ್ದ ಹೇಗಿದೆ? ಫೋನು ಹತ್ರ ಹಿಡಿ, ಕೇಳಿಸ್ಕೋತೀನಿ."

"ಶಬ್ದ ಇಲ್ಲದೇ ಇರೋದೇ ತೊಂದರೆ ರೀ!"

"ಹಾಗಾದ್ರೆ ಭಾನುವಾರ ನೋಡೋಣ."

ಫೋನನ್ನು ಸೀಟಿನ ಮೇಲೆ ಎಸೆದು ಕೆಳಗಿಳಿದೆ. ಆಗಲೇ ನಾಲ್ಕು ಜನ ಸೇರಿದ್ದರು. ಒಬ್ಬ "ಪೆಟ್ರೋಲ್ ಇದೆಯಾ ಮೇಡಂ?" ಎಂದ. ಇನ್ನೊಬ್ಬ "ಮನೇಲಿ ಗಂಡಸರು ಯಾರೂ ಇಲ್ವಾ?" ಎಂದ. ಅತ್ತೆ ಕಿಟಕಿಯಿಂದ ಕೋಲು ಹೊರಗೆ ಚಾಚಿ ಗುಡುಗಿದರು. "ಇದ್ದಾರಪ್ಪ, ಮೂರು ಜನ ಇದ್ದಾರೆ! ಅದಕ್ಕೇ ಹೀಗಾಗಿರೋದು. ದೂರ ನಿಲ್ಲಿ ಎಲ್ಲ. ನಮ್ಮ ಸೊಸೆ ನೋಡ್ತಾಳೆ."

ನಾನು? ನನಗೇನು ಗೊತ್ತು? ಆದರೆ ಬಾನೆಟ್ ಎತ್ತಿದಾಗ, ಟೀ ಲೋಟ ಹಿಡಿದು ನಿಂತಲ್ಲೆಲ್ಲ ಕಿವಿಗೆ ಬಿದ್ದ ಮಾತುಗಳು ಒಂದೊಂದೇ ಎದ್ದು ಬಂದವು. ದೀಪವೂ ಹತ್ತದಿದ್ದರೆ ಮೊದಲು ಬ್ಯಾಟರಿ ನೋಡು. ನೋಡಿದೆ. ತಂತಿಯ ಹಿಡಿಕೆ ಕೈಯಲ್ಲೇ ಅಲ್ಲಾಡಿತು. ಕಳೆದ ಭಾನುವಾರ ನಮ್ಮ ಬ್ಯಾಟರಿ ಬಿಚ್ಚಿ ಯಾರದೋ ಕಾರಿಗೆ ಹಾಕಿ ಪರೀಕ್ಷಿಸಿದ್ದರು. ಮತ್ತೆ ಬಿಗಿ ಮಾಡಬೇಕೆನ್ನುವಷ್ಟರಲ್ಲಿ ನಾನು ಟೀ ತಂದಿರಬೇಕು. ತಲೆಯಿಂದ ಒಂದು ಹೇರ್‌ಪಿನ್ ಕಿತ್ತು ಸಂದಿಗೆ ತುರುಕಿ, ಚಪ್ಪಲಿಯ ಹಿಮ್ಮಡಿಯಿಂದ ಎರಡು ಬಡಿದೆ. (ಬಡಿಯುವಾಗ ಯಾರನ್ನು ನೆನೆಸಿಕೊಂಡೆ ಎಂದು ಕೇಳಬೇಡಿ.) ಕೀ ತಿರುಗಿಸಿದೆ. ಗುರ್ರ್! ಸೇರಿದವರು ಚಪ್ಪಾಳೆ ತಟ್ಟಿದರು. ಅತ್ತೆ ನನ್ನ ಕೆನ್ನೆ ಸವರಿ, "ಜಾಣೆ ಕಣೇ ನೀನು" ಎಂದರು. ಆ ಮನೆಗೆ ಬಂದ ಮೇಲೆ ಮೊದಲ ಸಲ. ರಸ್ತೆ ಒಂದಿಷ್ಟು ದೂರ ಮಂಜಾಗಿ ಕಂಡಿತು. ಪೊರೆ ಇದ್ದದ್ದು ಅವರಿಗೆ.

ಅತ್ತೆಯ ಸರದಿ ತಪ್ಪಲಿಲ್ಲ. ಆ ವಾರವೆಲ್ಲ ಅವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು, ಬಾಯಿಗೆ ಮಾತ್ರ ಯಾರೂ ಕಟ್ಟಿರಲಿಲ್ಲ. ಇಡೀ ದಿನ ಫೋನಿನಲ್ಲಿ ನನ್ನ ಪ್ರತಾಪವೇ. ಸಿಕ್ಕ ಗೌರವವನ್ನು ಬಿಸಿಯಿರುವಾಗಲೇ ಬಳಸಿಕೊಂಡು ಆಜ್ಞೆ ಹೊರಡಿಸಿದೆ.

"ಇನ್ನು ಭಾನುವಾರದ ನಿಮ್ಮ ಈ ಚಿಕಿತ್ಸಾಲಯ ಬಂದ್. ನನಗೂ ಒಂದು ದಿನ ವಿಶ್ರಾಂತಿ ಬೇಕು."

"ಆಗಲಿ ಕಣೇ. ನಮ್ಮ ಮೂವರದು ಬಂದ್," ಎಂದರು ನನ್ನವರು, ಒಂದು ಮಾತೂ ಚೌಕಾಶಿ ಮಾಡದೆ. ಆಗಲೇ ಅನುಮಾನ ಬರಬೇಕಿತ್ತು.

ಭಾನುವಾರ ನೆಮ್ಮದಿಯಾಗಿ ಮಲಗಿದ್ದೆ. ಗೇಟಿನಲ್ಲಿ ಹಾರ್ನು. ಮತ್ತೊಂದು. ಎದ್ದು ನೋಡಿದರೆ ಬೀದಿಯ ತಿರುವಿನವರೆಗೂ ಕಾರುಗಳು. ಚಿಕ್ಕತ್ತೆ, ಅವರ ಸೊಸೆ, ಅತ್ತೆಯ ವಾಕಿಂಗ್ ಗೆಳತಿಯರು, ಗೆಳತಿಯರ ಹೆಣ್ಣುಮಕ್ಕಳು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು, ಕೋಲು ಬೀಸಿ, ಪೊಲೀಸಿನವರಂತೆ ದಾರಿ ತೋರಿಸುತ್ತಿದ್ದರು. "ಒಬ್ಬೊಬ್ರಾಗಿ ಬನ್ನಿ, ನೂಕಬೇಡಿ. ಸೊಸೆ ಮುಖ ತೊಳ್ಕೊಂಡು ಬರ್ತಾಳೆ."

ಒಳಗೆ ತಿರುಗಿದೆ. ಸೋಫಾದಲ್ಲಿ ನನ್ನವರು, ಡಾಕ್ಟರು, ಮೇಷ್ಟ್ರು ಮೂವರೂ ಕಾಲು ಚಾಚಿ, ಪೇಪರು ಹಂಚಿಕೊಂಡು ಓದುತ್ತಿದ್ದರು. ಮೂವರ ಬಟ್ಟೆಯೂ ಇಸ್ತ್ರಿ ಮಾಡಿದ್ದು.

ನನ್ನವರು ಪೇಪರಿನ ಮೇಲಿಂದ ಪ್ರೀತಿಯಿಂದ ನೋಡಿ ಹೇಳಿದರು: "ಟೀಗೇನೂ ಅವಸರ ಇಲ್ಲ ಕಣೇ. ಮೊದಲ ಎರಡು ಕಾರು ನೋಡಿಯೇ ಇಡು."