ಅಂತಾಲ್ಯದಲ್ಲಿ ಅತ್ತೆಯವರನ್ನು ಕಳೆದುಕೊಂಡದ್ದು

ಕುಟುಂಬವನ್ನು ಪರದೇಶ ಪ್ರವಾಸಕ್ಕೆ ಹೊರಡಿಸುವ ಗಂಡಸಿಗೆ ತಾನೊಬ್ಬ ಸೇನಾಪತಿಯೆಂಬ ಭ್ರಮೆ ಬಂದೇ ಬರುತ್ತದೆ. ನನಗೆ ತುಸು ಜಾಸ್ತಿಯೇ ಬಂದಿತ್ತು. ದೋಹಾದಾಚೆ, ದುಖಾನಿನ ತೈಲಬಾವಿಗಳ ನಡುವೆ ಹನ್ನೆರಡು ವರ್ಷ ಬೆಂದವನು ನಾನು. ಬಾಗಲಕೋಟೆಯಿಂದ ಬಂದಿದ್ದ ಅತ್ತೆಯವರನ್ನೂ ಹೆಂಡತಿ ಸುಮಾಳನ್ನೂ ಟರ್ಕಿಯ ಅಂತಾಲ್ಯ ತೋರಿಸಲು ಹೊರಡಿಸಿದೆ.

"ಸಮುದ್ರ ಇಲ್ಲೇ ಐತಲ್ರಿ?" ಎಂದರು ಅತ್ತೆ.

"ಇಲ್ಲಿದು ಕುದಿಯೂ ನೀರು, ಅಲ್ಲಿದು ತಣ್ಣಂದು" ಎಂದೆ. ವಿಮಾನಪ್ರಯಾಣದುದ್ದಕ್ಕೂ ಉಪದೇಶ ಮಾಡಿದೆ: ನಿಮಗೆ ಭಾಷೆ ಬಾರದು, ನನ್ನ ಬೆನ್ನು ಬಿಡಬೇಡಿ. ನನಗಾದರೋ ದೋಹಾದಲ್ಲಿ ಕಲಿತ ಅರಬ್ಬಿ ಇತ್ತು. ಕಳೆದೀತೆಂದು ಅತ್ತೆಯವರ ಫೋನನ್ನೂ ನನ್ನ ಜೇಬಿನಲ್ಲೇ ಇಟ್ಟುಕೊಂಡೆ.

ರೆಸಾರ್ಟಿನ ಮುಂದಿನ ಕಡಲಲ್ಲಿ ಅತ್ತೆಯವರು ಇಳಕಲ್ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಅಲೆ ಬಂದಾಗಲೆಲ್ಲ ಹುಡುಗಿಯಂತೆ ಕಿರುಚಿ ನಕ್ಕರು. ಮರುದಿನ ಬೆಳಿಗ್ಗೆ ಹಳೇ ಪಟ್ಟಣಕ್ಕೆ ಹೋದೆವು. ಸುಮಾ ದೀಪದಂಗಡಿಗೆ ನುಗ್ಗುತ್ತ, "ರೀ, ಅವ್ವನ ಮ್ಯಾಲೆ ಕಣ್ಣಿರ್ಲಿ" ಎಂದಳು. ನಾನು ಕೋಟೆಗೋಡೆಯ ಮುಂದೆ ಸೆಲ್ಫಿಗೆ ನಿಂತೆ. ಏಳನೆಯದು ಸರಿಯಾಗಿ ಬಂತು. ತಿರುಗಿದರೆ ಅತ್ತೆಯವರಿಲ್ಲ!

ಓಣಿಯಿಂದ ಓಣಿಗೆ ಓಡಿದೆ. ಒಬ್ಬ ಅಂಗಡಿಯವನನ್ನು ಅರಬ್ಬಿಯಲ್ಲಿ ಕೇಳಿದೆ; ಪಾಪ, ಚಹಾ ಕೊಟ್ಟ. ಇನ್ನೊಬ್ಬನ ಮುಂದೆ ಸೀರೆ ಉಡುವ ಅಭಿನಯ ಮಾಡಿದೆ, ಟವೆಲ್ ತೋರಿಸಿದ. ಸುಮಾಳಿಗೆ ಯಾವ ಮುಖ ತೋರಿಸಲಿ?

ಅಷ್ಟರಲ್ಲಿ ಒಂದು ಗೋಡೆಯಾಚೆ ಪಟಪಟ ಸದ್ದು ಕೇಳಿತು. ಇಣುಕಿದೆ. ಅಂಗಳದಲ್ಲಿ ತಲೆವಸ್ತ್ರ ಕಟ್ಟಿದ ಟರ್ಕಿ ಅಜ್ಜಿಯೊಬ್ಬಳು ಲಟ್ಟಣಿಗೆ ಕೆಳಗಿಟ್ಟು ಬೆರಗಾಗಿ ಕೂತಿದ್ದಳು. ಎದುರಿಗೆ ಅತ್ತೆಯವರು, ಮೊಣಕೈವರೆಗೂ ಹಿಟ್ಟು, ಆಕೆಯ ಮಣೆಯ ಮೇಲೆ ರೊಟ್ಟಿ ಬಡಿಯುತ್ತಿದ್ದರು.

"ಬಂದ್ರಾ ಅಳಿಯಾರ! ಹೆದರಬ್ಯಾಡ್ರಿ, ಕುಂದರ್ರಿ. ನೀವು ಕಳದೀರಿ ಅಂತ ಈಕೀಗೆ ಹೇಳೇನಿ. ಈಕಿ ಗಂಡ ನಿಮ್ಮನ್ನ ಹುಡುಕಾಕ ಹೋಗ್ಯಾನ."

"ಯಾವ ಭಾಷಾದಾಗ ಹೇಳಿದ್ರಿ?"

"ಕನ್ನಡದಾಗ. ಮತ್ಯಾವುದರಾಗ ಹೇಳ್ಲಿ?"

ಮಾತು ಮುಗಿಯುವ ಮೊದಲೇ ಆ ಅಜ್ಜ ಏದುಸಿರು ಬಿಡುತ್ತ ಬಂದ. ನನ್ನನ್ನು ಮೇಲಿಂದ ಕೆಳಗೆ ನೋಡಿದ. ಗಾಳಿಯಲ್ಲಿ ಎರಡೂ ಕೈಯಿಂದ ಒಂದು ದೊಡ್ಡ ಹೊಟ್ಟೆಯನ್ನು ಬರೆದು, 'ಇವನೇನಾ?' ಎಂಬಂತೆ ಅತ್ತೆಯವರತ್ತ ಹುಬ್ಬೇರಿಸಿದ.

"ಹೂನ್ರಿ, ಇವರ" ಎಂದರು ಅತ್ತೆಯವರು, ಒಂಚೂರೂ ಅನುಮಾನವಿಲ್ಲದೆ.