ಮೊಗ್ಗು ಒಡೆಯುತ್ತೆ, ನೋಡ್ಕೊಳ್ಳಿ

ಅತ್ತೆ ಮಾತು ಬಿಟ್ಟ ಮೇಲೆ ದರ್ಜಿಯ ಕಿವಿಗೆ ಬಿದ್ದ ಮೊದಲ ಮಾತು ಅದು.

"ಮೊಗ್ಗು ಒಡೆಯುತ್ತೆ, ನೋಡ್ಕೊಳ್ಳಿ."

ಹೊಲಿಗೆ ಮೆಷಿನ್ನಿನ ಎದುರು ನಿಂತು ಅಷ್ಟು ಹೇಳಿ, ಮಗಳ ಕೈ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಹೊರಟುಹೋದರು. ದರ್ಜಿ ಮಾವನ ಫೋಟೋದ ಕೆಳಗೆ, ಬಾಯಲ್ಲಿ ದಾರ ಕಚ್ಚಿಕೊಂಡು ಹಾಗೇ ಕೂತಿದ್ದ.

ಮಾವ ತೀರಿಕೊಂಡ ವಾರವೇ ಅವನು ಅವರ ಕೋಟನ್ನು ಹಳೇ ಬಟ್ಟೆ ಎಂದುಕೊಂಡು ಕತ್ತರಿಸಿ, ಮೆಷಿನ್ನಿಗೆ ಹೊದಿಕೆ ಹೊಲಿದಿದ್ದ. ಅಂದಿನಿಂದ ಅತ್ತೆಯ ಬಾಯಿಗೂ ಹೊಲಿಗೆ ಬಿದ್ದಿತ್ತು. "ನಿನ್ನ ಗಂಡನಿಗೆ ಹೇಳು, ಊಟ ಆರ್ತಿದೆ," ಎನ್ನುತ್ತಿದ್ದರು ಮಗಳಿಗೆ. ಗಂಡ ಅಲ್ಲೇ ತಟ್ಟೆಯ ಮುಂದೆ ಕೂತಿರುತ್ತಿದ್ದ.

ಇಂದು ನೇರ ಮಾತು. ಅದೂ 'ನೋಡ್ಕೊ' ಅಲ್ಲ, 'ನೋಡ್ಕೊಳ್ಳಿ'. ಬಹುವಚನ! ಆ 'ಳ್ಳಿ'ಯನ್ನು ಸಕ್ಕರೆಯಂತೆ ನಾಲಿಗೆಯ ಮೇಲೆ ಕರಗಿಸುತ್ತ ಅಂಗಳಕ್ಕಿಳಿದ.

ಅದು ಮಾವ ನೆಟ್ಟ ಬಲೂನು ಹೂವಿನ ಗಿಡ. ಚಳಿಗೆ ಒಣಗಿ ನೆಲ ಸೇರಿ, ಸತ್ತೇ ಹೋಯಿತು ಎನ್ನುವಾಗ ಮತ್ತೆ ಚಿಗುರಿತ್ತು. ಅತ್ತೆ ಅದರ ಬುಡಕ್ಕೆ ಚೊಂಬಿನಲ್ಲಿ ನೀರು ಹಾಕುತ್ತಿದ್ದರು. ದರ್ಜಿ ಅದನ್ನು ಹತ್ತಿರದಿಂದ ನೋಡಿದ್ದು ಅಂದೇ. ತುದಿಗಳಲ್ಲಿ ನೀಲಿ ಮೊಗ್ಗುಗಳು, ಮುನಿಸಿಕೊಂಡ ಮಗುವಿನ ಕೆನ್ನೆಯಂತೆ ಉಬ್ಬಿದ್ದವು. ಬಲೂನು ಅಂದಮೇಲೆ ಒಡೆಯದಂತೆ ಕಾಯಬೇಕು ತಾನೆ? ಒಡೆದರೆ ಅತ್ತೆಯ ಮಾತು ಮತ್ತೆ ಹುಟ್ಟಲಾರದು.

"ಏನ್ರೀ ಟೈಲರ್ರೇ, ಗಿಡಕ್ಕೆ ಅಳತೆ ತಗೋತಿದೀರಾ?" ಪಕ್ಕದ ಮನೆಯ ವಿಜ್ಞಾನದ ಮೇಷ್ಟ್ರು ಗೋಡೆಯಾಚೆಯಿಂದ ಇಣುಕಿದರು. ವಿಷಯ ತಿಳಿದು ಗಂಭೀರರಾದರು. "ಒಳಗಿರೋದು ಗಾಳಿ. ಬಿಸಿಲಿಗೆ ಹಿಗ್ಗುತ್ತೆ. ತಂಪು ಮಾಡಿ, ಬೇಗ!"

ದರ್ಜಿ ಕೊಡೆ ಬಿಚ್ಚಿ ನೆರಳು ಮಾಡಿದ. ಬಕೆಟ್ಟುಗಟ್ಟಲೆ ನೀರು ಸುರಿದ. ಎದುರುಮನೆಯ ಕಾಂಪೌಂಡರು ಓಡಿಬಂದರು.

"ಅಯ್ಯೋ, ಇದು ನೀರು ತುಂಬಿ ಬಾತಿರೋದು ಕಣ್ರೀ! ಇನ್ನೂ ಕುಡಿಸ್ತಿದೀರಲ್ಲ!"

"ಮೇಷ್ಟ್ರು ಹೇಳಿದ್ರು..."

"ಮೇಷ್ಟ್ರು ಪಾಠ ಹೇಳ್ಲಿ. ಮೊದಲು ನೀರು ತೆಗೀರಿ."

ಕೆಸರನ್ನು ಕೈಯಲ್ಲೇ ಬಗೆದ. ಕ್ಯಾರೆಟ್ಟಿನಂಥ ಬೇರು ಬತ್ತಲೆಯಾಯಿತು. ಗಿಡ ಸಭೆಯಲ್ಲಿ ನಿದ್ದೆಹೋದವನಂತೆ ವಾಲಿತು. ಬಟ್ಟೆ ಅಳೆಯುವ ಕೋಲು ನೆಟ್ಟು ಟೇಪಿನಿಂದ ಬಿಗಿದ.

"ಒತ್ತಡ ಎಷ್ಟಿದೆ, ನೋಡೋಣ," ಎಂದು ಮೇಷ್ಟ್ರು ಒಂದು ಮೊಗ್ಗನ್ನು ಬೆರಳಲ್ಲಿ ಒತ್ತಿದರು.

ಟಪ್!

ಆಗ ದರ್ಜಿಗೆ ತನ್ನ ಕಸುಬು ನೆನಪಾಯಿತು. ಗುಂಡಿ ಹೊಲಿಯುವ ದಾರ ತಂದು ಪ್ರತಿ ಮೊಗ್ಗಿಗೂ ಸುತ್ತಿ ಗಂಟು ಹಾಕಿದ. ಯಾವ ಗಿರಾಕಿಯ ಅಂಗಿಗೂ ಅವನು ಅಷ್ಟು ಭದ್ರವಾಗಿ ಗುಂಡಿ ಹೊಲಿದಿರಲಿಲ್ಲ.

ಸಂಜೆ ಗೇಟಿನ ಸದ್ದಾಗುತ್ತಲೇ ನೆರೆಯವರಿಬ್ಬರೂ ಮಾಯ. ಒಡೆದ ಮೊಗ್ಗನ್ನು ಜೇಬಿನಲ್ಲಿ ಅಡಗಿಸಿ ದರ್ಜಿ ಎದುರು ಹೋದ. "ಅತ್ತೆ, ಒಂದನ್ನೂ ಒಡೆಯೋಕೆ ಬಿಟ್ಟಿಲ್ಲ!"

ಅತ್ತೆ ಗಿಡ ನೋಡಿದರು. ಒಳಗಿಂದ ಕತ್ತರಿ ತಂದು ಕೂತು, ಒಂದೊಂದೇ ದಾರ ಬಿಡಿಸಿದರು. ದಾರ ಕಚ್ಚಿದ ಕಡೆಯೆಲ್ಲ ಮೊಗ್ಗುಗಳು ಕಪ್ಪಗಾಗಿದ್ದವು. ಬೇರಿಗೆ ಮಣ್ಣು ಎಳೆದು, ಮೆಲ್ಲಗೆ ಒತ್ತಿದರು.

"ಒಡೆಯೋದು ಅಂದ್ರೆ ಅರಳೋದು ರೀ," ಹೆಂಡತಿ ಪಿಸುಗುಟ್ಟಿದಳು. "ಅಪ್ಪ ಹೋದಮೇಲೆ ಮೊದಲ್ನೇ ಸಲ ಹೂ ಬಿಡೋದ್ರಲ್ಲಿತ್ತು."

"ಅತ್ತೆ, ನೋಡ್ಕೊಳ್ಳಿ ಅಂತ ನೀವೇ ಹೇಳಿದ್ರಲ್ಲ..."

ಅತ್ತೆ ಒಳಗೆ ಬಂದು ಬೆಳಗಿನ ಜಾಗದಲ್ಲೇ, ಮೆಷಿನ್ನಿನ ಎದುರು ನಿಂತರು. ಫೋಟೋವನ್ನು ನೋಡಿದರು. ಆಮೇಲೆ ಮಗಳ ಕಡೆ ತಿರುಗಿದರು.

"ನಿನ್ನ ಗಂಡನಿಗೆ ಹೇಳು. ಬೆಳಿಗ್ಗೆ ನಾನು ಮಾತಾಡಿದ್ದು ಅವನ ಜೊತೆ ಅಲ್ಲ. ನಿಮ್ಮಪ್ಪನ ಜೊತೆ."

ದರ್ಜಿ ಏನೋ ಹೇಳಲು ಬಾಯಿ ತೆರೆದ. ನಾಲಿಗೆಯ ಮೇಲೆ ಆ 'ಳ್ಳಿ' ಇನ್ನೂ ಇತ್ತು. ಕೋಟಿನಂತೆ ಅದೂ ಮಾವನದೇ.