ಹೊಸ್ತಿಲ ಮೇಲಿನ ರಾಜೀನಾಮೆ

ಸುಶ್ರುತ ಮೇಷ್ಟ್ರ ರಾಜೀನಾಮೆ ಪತ್ರ ನಾಲ್ಕೇ ಸಾಲಿನದು. ಬರೆಯಲು ಐದು ನಿಮಿಷ ಹಿಡಿದಿತ್ತು. ಅದನ್ನು ಅಂಗೀಕರಿಸುವವರನ್ನು ಒಂದು ಕಡೆ ಕೂರಿಸಲು ಮಾತ್ರ ಅವರು ಹನ್ನೊಂದು ತಿಂಗಳಿಂದ ಒದ್ದಾಡುತ್ತಿದ್ದರು.

ಬಿಡಬೇಕೆಂದಿದ್ದುದು ಶಾಲೆಯ ಕೆಲಸವನ್ನಲ್ಲ, ಸಮಾಜ ವಿಜ್ಞಾನ ಶಿಕ್ಷಕರ ಸಂಘದ ಸಂಶೋಧನಾ ಸಮಿತಿಯ ಸಂಚಾಲಕನ ಪಟ್ಟವನ್ನು. ‘ಸಮಾಜ ವಿಜ್ಞಾನದ ತರಗತಿಯಲ್ಲಿ ಮಕ್ಕಳಿಗೆ ಏಕೆ ನಿದ್ದೆ ಬರುತ್ತದೆ?’ ಎಂಬ ಸಂಶೋಧನೆ ನಾಲ್ಕು ವರ್ಷದಿಂದ ನಡೆದಿತ್ತು. ಮಕ್ಕಳು ತುಂಬಿಕೊಟ್ಟ ಸಾವಿರದಿನ್ನೂರು ಪ್ರಶ್ನಾವಳಿಗಳು ಅಕ್ಕಿಚೀಲದೊಳಗೆ ಮೇಷ್ಟ್ರ ಮಂಚದ ಕೆಳಗಿದ್ದವು. ಶನಿವಾರ ಮಧ್ಯಾಹ್ನ ಅವನ್ನು ಹರಡಿಕೊಂಡು ಕೂತರೆ ಮೊದಲು ನಿದ್ದೆ ಬರುತ್ತಿದ್ದುದು ಮೇಷ್ಟ್ರಿಗೇ.

ನಿದ್ದೆಯಾದರೂ ಸರಿಯೆನ್ನಬಹುದಿತ್ತು. ಆದರೆ ಹೆಂಡತಿ ಸೌಮ್ಯಳಿಗೆ ಭುಜ ಬಿಗಿದುಕೊಂಡು ವರ್ಷವಾಗಿತ್ತು. ಪ್ರತಿ ಶನಿವಾರ ಸಂಜೆ ಬನಶಂಕರಿಯಲ್ಲಿ ಫಿಸಿಯೋಥೆರಪಿ. ಬಲಗೈ ಮೇಲೆತ್ತಲಾರದ ಅವಳು ಒಬ್ಬಳೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು.

“ನೀವು ಸಮಿತಿ ನೋಡ್ಕೊಳ್ಳಿ. ಆ ಕಂಡಕ್ಟರ್ ಒಳ್ಳೆಯವನು, ಯಾರನ್ನಾದ್ರೂ ಎಬ್ಬಿಸಿ ಸೀಟ್ ಕೊಡಿಸ್ತಾನೆ” ಎನ್ನುತ್ತಿದ್ದಳು. ಗಂಡ ಮಾಡಬೇಕಾದ್ದನ್ನು ಕಂಡಕ್ಟರ್ ಮಾಡುತ್ತಿದ್ದಾನಲ್ಲ ಎಂದು ಮೇಷ್ಟ್ರಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು.

ಸಮಿತಿಯಲ್ಲಿದ್ದವರು ನಾಲ್ಕು ಜನ. ಸಭೆ ನಡೆಯಲು ಕನಿಷ್ಠ ಮೂವರಾದರೂ ಬೇಕು, ಅದೇ ಕೋರಂ. ಈ ಶನಿವಾರ ಮೇಷ್ಟ್ರು ಶಾಲೆ ಬಿಟ್ಟವರೇ ಊಟವನ್ನೂ ಮಾಡದೆ ಕುಮಾರಸ್ವಾಮಿ ಲೇಔಟಿಗೆ ಹೋಗಿ ಸದಸ್ಯೆ ವಾರಿಜಾ ಮೇಡಂ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಜಯನಗರದ ಸಂಘದ ಕೋಣೆಗೆ ಬಂದರು. ಆಕೆ ಬರುವಾಗ ಒಂದು ಡಬ್ಬಿ ತಂದಿದ್ದರು.

“ಮೊಸರನ್ನ. ನಿಮ್ಮ ಮುಖ ನೋಡಿದ್ರೆ ಊಟ ಆಗಿಲ್ಲ ಅಂತ ಗೊತ್ತಾಗುತ್ತೆ ಸಾರ್. ಮೊದ್ಲು ತಿನ್ನಿ.”

ಕೋಣೆಯಲ್ಲಿ ಹಿರಿಯ ಸದಸ್ಯ ಏಕಾಂತಯ್ಯನವರು ಸಂಘದ ನಿಯಮಾವಳಿಯನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕಾದಿದ್ದರು. ಇಪ್ಪತ್ತೆಂಟು ವರ್ಷದಿಂದ ಪೌರನೀತಿ ಪಾಠ ಮಾಡುತ್ತ ಬಂದ ಜೀವ.

“ಮೂರು ಜನ ಇದೀವಿ, ಕೋರಂ ಆಯ್ತು. ವಿಷಯ ಒಂದು, ಸಂಚಾಲಕರ ರಾಜೀನಾಮೆ. ಎಂಟನೇ ನಿಯಮದ ಪ್ರಕಾರ, ಯಾರ ವಿಷಯ ಚರ್ಚೆಗೆ ಬರುತ್ತೋ ಅವರು ಒಳಗಿರೋ ಹಾಗಿಲ್ಲ. ಸುಶ್ರುತ, ಹೊರಗೆ ನಡೀರಿ.”

ಮೇಷ್ಟ್ರು ಸಂತೋಷದಿಂದ ಹೊರಗೆ ನಡೆದರು. ಮೆಟ್ಟಿಲಿಳಿಯುವ ಮೊದಲೇ ವಾರಿಜಾ ಕೂಗಿದರು. “ಸಾರ್, ಒಳಗ್ ಬನ್ನಿ! ನೀವು ಹೋದ್ರೆ ನಾವಿಬ್ರೇ. ಕೋರಂ ಬಿದ್ಹೋಯ್ತು!”

ಒಳಗೆ ಬಂದರು.

“ಈಗ ಕೋರಂ ಇದೆ” ಎಂದರು ಏಕಾಂತಯ್ಯ. “ವಿಷಯ ಕೈಗೆತ್ತಿಕೊಳ್ಳೋಣ. ಸುಶ್ರುತ, ಹೊರಗೆ.”

ಹೀಗೆ ಮೂರು ಸಲ ಆಯಿತು. ಕೆಳಗೆ ದಿನಸಿ ಅಂಗಡಿಯಲ್ಲಿ ಕೂತಿದ್ದ ಕಟ್ಟಡದ ಮಾಲೀಕ ಬೋರಣ್ಣ ಕತ್ತೆತ್ತಿ ನೋಡಿದ. “ಏನ್ ಸಾರ್, ಹೋಂವರ್ಕ್ ಮಾಡಿಲ್ಲ ಅಂತ ಆಚೆ ಹಾಕವ್ರಾ?”

“ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತರೆ ಆಗುತ್ತಾ?” ಎಂದು ಮೇಷ್ಟ್ರು ದಣಿದ ದನಿಯಲ್ಲಿ ಕೇಳಿದರು.

ಏಕಾಂತಯ್ಯ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. “ಹೊಸ್ತಿಲ ಬಗ್ಗೆ ನಿಯಮ ಇಲ್ಲ.”

ಹಿರಣ್ಯಕಶಿಪುವಿಗೆ ಕೂಡ ಹೊಸ್ತಿಲ ಮೇಲೆ ಬಿಡುಗಡೆ ಸಿಕ್ಕಿತ್ತು. ಸುಶ್ರುತ ಮೇಷ್ಟ್ರಿಗೆ ಸಿಗಲಿಲ್ಲ.

“ನನ್ನೇ ಮೆಂಬರ್ ಮಾಡ್ಕೊಳಿ ಸಾರ್” ಎಂದ ಬೋರಣ್ಣ. “ನಾನೂ ಏಳನೇ ಕ್ಲಾಸ್‌ವರೆಗೂ ಸಮಾಜ ಓದಿವ್ನಿ. ಸಖತ್ತಾಗಿ ನಿದ್ದೆನೂ ಮಾಡಿವ್ನಿ.”

ಉಳಿದಿದ್ದವರು ನಾಲ್ಕನೆಯ ಸದಸ್ಯ ಕೊಟ್ರಪ್ಪ. ಬೊಮ್ಮನಹಳ್ಳಿಯ ಶಾಲೆಯವರು, ಬಿಟಿಎಂ ಲೇಔಟಿನಲ್ಲಿ ಮನೆ. ಎರಡು ವರ್ಷದಿಂದ ಸಭೆಯ ಕಡೆ ತಲೆ ಹಾಕಿದವರಲ್ಲ. ಮೇಷ್ಟ್ರು ಮತ್ತೆ ಸ್ಕೂಟರ್ ಹತ್ತಿದರು. ಸಿಗ್ನಲ್ಲುಗಳೆಲ್ಲ ಮಾತಾಡಿಕೊಂಡಂತೆ ಒಂದೊಂದಾಗಿ ಕೆಂಪಾದವು.

ಕೊಟ್ರಪ್ಪ ಲುಂಗಿಯುಟ್ಟು ಬಾಲ್ಕನಿಯ ಗಿಡಕ್ಕೆ ನೀರು ಹಾಕುತ್ತಿದ್ದರು. ಮೇಷ್ಟ್ರ ಅವಸ್ಥೆಯನ್ನು ಕೇಳಿ ಅವರ ಹೆಂಡತಿ ಶರಣಮ್ಮನ ಮನಸ್ಸೇ ಕರಗಿತು.

“ಹೋಗಿ ಬರ್ರಿ, ಪಾಪ ಎಷ್ಟ್ ಸೊರಗ್ಯಾರ ನೋಡ್ರಿ ಅವ್ರು. ಅವ್ರ ಮನ್ಯಾಗಿನವ್ರ ಭುಜ ನೋಯ್ತದಂತ.” ಮನೆಯಲ್ಲಿ ಹೆಲ್ಮೆಟ್ ಇರಲಿಲ್ಲ. ಆಕೆಯೇ ಕೆಳಗಿನ ಪಿಜಿಯ ಹುಡುಗಿಯೊಬ್ಬಳಿಂದ ಗುಲಾಬಿ ಬಣ್ಣದ ಹೆಲ್ಮೆಟ್ ಬೇಡಿ ತಂದು ಗಂಡನ ತಲೆಗೆ ಒತ್ತಿದರು. ಅದರ ಮೇಲೆ ಎರಡು ಬೆಕ್ಕಿನ ಕಿವಿಗಳಿದ್ದವು. ದಾರಿಯುದ್ದಕ್ಕೂ ಮಕ್ಕಳು ಕೈಬೀಸಿದರು. ಕೊಟ್ರಪ್ಪ ಎಲ್ಲರಿಗೂ ತಿರುಗಿ ಕೈಬೀಸಿದರು.

ಮೇಷ್ಟ್ರ ಫೋನು ಒಮ್ಮೆ ಗುಂಯ್‌ಗುಟ್ಟಿತು. “ಬಸ್ ಹತ್ತಿದೆ. ಇವತ್ತು ಬೇರೆ ಕಂಡಕ್ಟರ್. ನಿಂತಿದೀನಿ, ಪರವಾಗಿಲ್ಲ” ಎಂದು ಸೌಮ್ಯಳ ಸಂದೇಶ.

ಐದು ಗಂಟೆಗೆ ಸಭೆ ಮತ್ತೆ ಸೇರಿತು. ಈಗ ಮೇಷ್ಟ್ರು ಹೊರಗೆ, ಒಳಗೆ ಮೂವರು. ಬೋರಣ್ಣ ಸ್ಟೂಲು ಹಾಕಿ, ಕಾಫಿ ತರಿಸಿಕೊಟ್ಟು, ಹೆಂಡತಿಯ ಮೊದಲ ಹೆರಿಗೆಗೆ ಕಾದು ಕೂತ ಗಂಡನನ್ನು ಸಮಾಧಾನಪಡಿಸುವಂತೆ ಬೆನ್ನು ತಟ್ಟಿದ.

ಬಾಗಿಲು ತೆರೆಯಿತು. ವಾರಿಜಾ ನಗುತ್ತಿದ್ದರು. “ಆಯ್ತು ಸಾರ್! ಸರ್ವಾನುಮತ. ಏಕಾಂತಯ್ಯನವರು ನಡಾವಳಿ ಬರೀತಾ ಇದಾರೆ.”

ಮೇಷ್ಟ್ರು ಅಲ್ಲಿಯೇ ಹೆಂಡತಿಗೆ ಫೋನು ಮಾಡಿದರು. “ಮುಂದಿನ ಶನಿವಾರದಿಂದ ನಾನೇ ಕರ್ಕೊಂಡ್ ಹೋಗ್ತೀನಿ ಕಣೇ. ಪ್ರತಿ ಶನಿವಾರ.” ಆ ಕಡೆಯಿಂದ, “ನಿಜವಾಗ್ಲೂನಾ?” ಎಂದಳು ಸೌಮ್ಯ.

ಒಳಗೆ ಹೋಗಿ ಎಲ್ಲರಿಗೂ ಕೈಮುಗಿದರು. ಕೊಟ್ರಪ್ಪ ಚೀಲದಿಂದ ಪೇಡೆಯ ಡಬ್ಬಿ ತೆಗೆದರು.

“ಬಾಯಿ ಸಿಹಿ ಮಾಡ್ಕೋರಿ ಎಲ್ಲಾರೂ. ಇದು ನಂದೂ ಸಂತೋಷದ ಪೇಡೇನ. ಮೊನ್ನೆ ಮೂವತ್ತೊಂದಕ್ಕ ರಿಟೈರ್ ಆದೆ ನೋಡ್ರಿ.”

ಏಕಾಂತಯ್ಯನವರ ಪೆನ್ನು ನಿಂತಿತು. ಆ ಮಾತು ಕಿವಿಗೆ ಬೀಳದಿದ್ದರೆ ಚೆನ್ನಾಗಿತ್ತು ಎಂಬಂತೆ ಅವರು ಒಂದು ಕ್ಷಣ ಕಣ್ಣು ಮುಚ್ಚಿದರು. ಆದರೆ ಇಪ್ಪತ್ತೆಂಟು ವರ್ಷದ ಪೌರನೀತಿ ಸುಮ್ಮನಿರಬೇಕಲ್ಲ!

“ನಾಲ್ಕನೇ ನಿಯಮ” ಎಂದರು ಮೆಲ್ಲಗೆ. “ಸೇವೆಯಲ್ಲಿ ಇರೋರು ಮಾತ್ರ ಸದಸ್ಯರು. ಅಂದ್ರೆ ಒಳಗಿದ್ದದ್ದು ಇಬ್ಬರೇ. ಠರಾವು ಬಿದ್ದುಹೋಯ್ತು. ಕ್ಷಮಿಸಪ್ಪಾ ಸುಶ್ರುತ.”

“ಈಗ ಸಮಿತಿಯಲ್ಲಿ ಮೂರೇ ಜನ” ಎಂದು ವಾರಿಜಾ ಬೆರಳು ಮಡಚಿದರು. “ಕೋರಂ ಕೂಡಾ ಮೂರು. ಇನ್ನು ಸಾರ್ ಹೊರಗೆ ಹೋಗೋ ಹಾಗೇ ಇಲ್ಲ. ಹೊಸಬರನ್ನ ಯಾರನ್ನಾದ್ರೂ ಸೇರಿಸಿಕೊಂಡ್ರೆ...”

ಸಂಶೋಧನಾ ಸಮಿತಿ ಎಂದರೆ ಸಾಕು, ಸಂಘದ ಶಿಕ್ಷಕರು ಚಪ್ಪಲಿ ಹಾಕಿಕೊಳ್ಳಲೂ ನಿಲ್ಲದೆ ಓಡುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು.

ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಕೂತರು. ಕೊಟ್ರಪ್ಪನವರ ಮುಖ ಸಣ್ಣದಾಯಿತು. ಪಕ್ಕಕ್ಕೆ ಬಂದು ಮೇಷ್ಟ್ರ ಕೈಗೆ ಒಂದು ಪೇಡೆ ಇಟ್ಟರು.

“ತಪ್ಪಾತ್ರೀ. ಅಂದಂಗ ನಿಮ್ಮ ರಿಟೈರ್‌ಮೆಂಟಿಗೆ ಇನ್ನೂ ಎಷ್ಟ್ ವರ್ಷ ಐತ್ರಿ?”

“ಹದಿನಾಲ್ಕು.”

ಕೊಟ್ರಪ್ಪ ಪೇಡೆಯ ಡಬ್ಬಿಗೆ ಮುಚ್ಚಳ ಹಾಕಿದರು.

“ಹಂಗಾದ್ರ ಡಬ್ಬೀನ ಇಟ್ಕೋರಿ.”